ಕ್ಲೀನಿಂಗ್ ಸಾಮಾನಿನ ವ್ಯಾಪಾರಕ್ಕೆ ಇಳಿಯುತ್ತಿದ್ದೇನೆ, ಮಾತು ಬರುತ್ತೆ, ಮಾಲು ಗೊತ್ತಿಲ್ಲ

ಕುಶಾಲನಗರ ಹೊಸಬ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಮೊಬೈಲ್ ಅಂಗಡಿಯಲ್ಲಿ ಸೇಲ್ಸ್‌ನಲ್ಲಿದ್ದೆ. ಈಗ ಮಾವನ ಜೊತೆ ಸೇರಿ ಕ್ಲೀನಿಂಗ್ ಸಾಮಾನಿನ ಹೋಲ್‌ಸೇಲ್ ಶುರು ಮಾಡುತ್ತಿದ್ದೇವೆ. ಫಿನಾಯಿಲ್, ಟಾಯ್ಲೆಟ್ ಕ್ಲೀನರ್, ಹ್ಯಾಂಡ್‌ವಾಶ್, ಬ್ಲೀಚ್, ಮಾಪ್, ವೈಪರ್, ಟಿಶ್ಯೂ, ಕಸದ ಚೀಲ, ಇಂಥವು. ಮಾಲು ಮೈಸೂರಿನಿಂದ ಬರುತ್ತದೆ. ಗಿರಾಕಿಗಳು ಅಂದರೆ ಹೋಂಸ್ಟೇ, ರೆಸಾರ್ಟ್, ಎಸ್ಟೇಟ್, ಕಲ್ಯಾಣ ಮಂಟಪ, ಒಂದೆರಡು ಕ್ಲಿನಿಕ್.

ಮಾರೋದು ಕಷ್ಟ ಇಲ್ಲ ಅಂದುಕೊಂಡಿದ್ದೆ. ಆದರೆ ರೆಸಾರ್ಟ್‌ಗಳಲ್ಲಿ ಮೊದಲ ಪ್ರಶ್ನೆಯೇ ಡೈಲ್ಯೂಷನ್ (ಎಷ್ಟು ನೀರಿಗೆ ಎಷ್ಟು ಕಲಸಬೇಕು) ಎಷ್ಟು, ಕಾಂಟ್ಯಾಕ್ಟ್ ಟೈಮ್ ಎಷ್ಟು ಅಂತ. ಬ್ರೋಷರ್‌ನಲ್ಲಿ ನೋಡಿದರೆ 99.9% ಕೀಟಾಣು ಸಾಯುತ್ತವೆ ಅನ್ನುವುದು ಬಿಟ್ಟು ಬೇರೇನೂ ಇಲ್ಲ. ಈ ಲೈನಿನಲ್ಲಿ ಇರುವವರು ಯಾರಾದರೂ ಬುಡದಿಂದ ಹೇಳಿಕೊಡಿ. ಏನು ಓದಬೇಕು, ಏನು ಹೇಳಬೇಕು, ಏನು ಹೇಳಬಾರದು?

ಮಡಿಕೇರಿ ಹೌಸ್‌ಕೀಪಿಂಗ್

ರೆಸಾರ್ಟ್‌ನಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತೇನೆ. ನಿಮ್ಮಂಥ ಸೇಲ್ಸ್‌ನವರು ವಾರವೂ ಬರುತ್ತಾರೆ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಾರೆ. ಅಲ್ಲಿಗೇ ನನಗೆ ಆಸಕ್ತಿ ಹೋಗುತ್ತದೆ.

ಮೊದಲು ಇದನ್ನು ತಿಳಿದುಕೊಳ್ಳಿ. ಕ್ಲೀನ್ ಮಾಡುವುದು ಬೇರೆ, ಡಿಸಿನ್ಫೆಕ್ಟ್ ಮಾಡುವುದು ಬೇರೆ. ಸೋಪು ನೀರು ಹಾಕಿ ಉಜ್ಜಿದರೆ ಕೊಳೆ, ಜಿಡ್ಡು, ಅದರ ಜೊತೆ ತುಂಬಾ ಕೀಟಾಣುಗಳೂ ಕೊಚ್ಚಿ ಹೋಗುತ್ತವೆ. ಡಿಸಿನ್ಫೆಕ್ಟೆಂಟ್ ಉಳಿದವನ್ನು ಕೊಲ್ಲುತ್ತದೆ. ಕೊಳೆ ಇದ್ದಲ್ಲೇ ಬ್ಲೀಚ್ ಸುರಿದರೆ ಬ್ಲೀಚಿನ ಶಕ್ತಿಯೆಲ್ಲ ಕೊಳೆಯ ಮೇಲೇ ಖರ್ಚಾಗುತ್ತದೆ. ಸ್ನಾನ ಮಾಡದೆ ಸೆಂಟ್ ಹೊಡೆದುಕೊಂಡ ಹಾಗೆ ಅದು. ಹಾಗಾಗಿ ಯಾವಾಗಲೂ ಮೊದಲು ತೊಳೆಯುವುದು, ಆಮೇಲೆ ಡಿಸಿನ್ಫೆಕ್ಟೆಂಟ್.

ಕಾಂಟ್ಯಾಕ್ಟ್ ಟೈಮ್ ಅಂದರೆ ಆ ದ್ರಾವಣ ಜಾಗದ ಮೇಲೆ ಒದ್ದೆಯಾಗಿ ನಿಂತಿರಬೇಕಾದ ಹೊತ್ತು. ಲೇಬಲ್ ಮೇಲೆ 10 ನಿಮಿಷ ಅಂತ ಇದ್ದರೆ 10 ನಿಮಿಷ. ಹಚ್ಚಿದ ತಕ್ಷಣ ಒರೆಸಿದರೆ ಆ 99.9% ಕಾಗದದಲ್ಲೇ ಉಳಿಯುತ್ತದೆ. ಚೆಕ್‌ಔಟ್ 11ಕ್ಕೆ, ಚೆಕ್‌ಇನ್ 1ಕ್ಕೆ, ಮಧ್ಯೆ ಎಲ್ಲ ರೂಮೂ ಆಗಬೇಕು. ಹಾಗಾಗಿ ನಮ್ಮ ಹುಡುಗರು ಬಾತ್‌ರೂಮಿಗೆ ಮೊದಲು ಹಚ್ಚಿ, ಆಮೇಲೆ ಹಾಸಿಗೆ ಹಾಕಿ, ಕೊನೆಗೆ ಬಂದು ತೊಳೆಯುತ್ತಾರೆ. ಇಂಥ ಕ್ರಮವನ್ನು ನೀವೇ ಹೇಳಿಕೊಟ್ಟರೆ ನಾನು ಎರಡನೇ ಸಲವೂ ನಿಮ್ಮನ್ನೇ ಕರೆಯುತ್ತೇನೆ. ವಾಸನೆಗೆ ಯಾರೂ ಕರೆಯುವುದಿಲ್ಲ.

ಬ್ಲೀಚಿನ ಲೆಕ್ಕ ಬಾಯಿಪಾಠ ಇರಲಿ. ಸಾಮಾನ್ಯ ಜಾಗಕ್ಕೆ 0.1%, ಅಂದರೆ 1000 ಪಿಪಿಎಂ. ರಕ್ತ, ವಾಂತಿ ಬಿದ್ದಲ್ಲಿ 0.5%. ಕ್ಯಾನ್ ಮೇಲೆ 5% ಅಂತಿದ್ದರೆ 20 ಮಿಲಿ ಬ್ಲೀಚ್, ಒಂದು ಲೀಟರ್ ಆಗುವಷ್ಟು ನೀರು. ಅದು 0.1% ಆಯಿತು. 10% ಕ್ಯಾನ್ ಆದರೆ 10 ಮಿಲಿ ಸಾಕು. ಇಂಡಸ್ಟ್ರಿಯಲ್ ಕ್ಯಾನ್‌ಗಳು 10-12% ಇರುತ್ತವೆ, ಮನೆ ಬಳಕೆಯದು 4-5%. ಇದನ್ನು ನೋಡದೆ 'ಒಂದು ಮುಚ್ಚಳ ಹಾಕಿ' ಅಂತ ಎಲ್ಲರಿಗೂ ಒಂದೇ ಉತ್ತರ ಕೊಡುವ ಸೇಲ್ಸ್‌ನವರನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತೇನೆ.

ಕಲಸಿದ್ದು ಅವತ್ತವತ್ತಿಗೆ ಮಾತ್ರ. ಬಿಸಿಲು, ಬಿಸಿ ತಾಗಿದರೆ ಬ್ಲೀಚ್ ಸತ್ತುಹೋಗುತ್ತದೆ. ಪಾರದರ್ಶಕ ಬಾಟಲಿಯಲ್ಲಿ ಇಡಬೇಡಿ.

ವಿರಾಜಪೇಟೆ ಅಂಗಡಿ

ಮೇಲಿನವರು ಹೇಳಿದ್ದು ರೆಸಾರ್ಟ್‌ಗೆ ಸರಿ. ಕೌಂಟರ್‌ನಲ್ಲಿ ಕೂತು ನೋಡಿ. ಗಿರಾಕಿ ನೋಡುವುದು ವಾಸನೆ, ನೊರೆ, ರೇಟು. ಅಷ್ಟೇ. ನೊರೆ ಬರದಿದ್ದರೆ 'ನೀರು ಕೊಟ್ರಲ್ಲ' ಅಂತ ವಾಪಸ್ ತಂದಿಡುತ್ತಾರೆ. ಮಲ್ಲಿಗೆ ವಾಸನೆಯ ಬಿಳಿ ಫಿನಾಯಿಲ್ ದಿನಾ ಹೋಗುತ್ತದೆ, ನೀವು ಪಿಪಿಎಂ ಅಂದರೆ ಯಾವ ಕಂಪನಿ ಅಂತ ಕೇಳುತ್ತಾರೆ.

ಹೊಸಬರೇ, ಮೊದಲು ಉದ್ದರಿ ವಿಷಯ ಕಲಿಯಿರಿ. ಕೆಮಿಸ್ಟ್ರಿ ಆಮೇಲೆ. ಕೊಡಗಿನಲ್ಲಿ ದುಡ್ಡು ಓಡಾಡುವುದು ಕಾಫಿ ಲೆಕ್ಕದಲ್ಲಿ. ಅರೇಬಿಕಾ ಡಿಸೆಂಬರ್ ಹೊತ್ತಿಗೆ, ರೊಬಸ್ಟಾ ಜನವರಿಯಿಂದ ಮಾರ್ಚ್, ಅದರ ಬೆನ್ನಿಗೇ ಮೆಣಸು. ಜೂನ್‌ನಲ್ಲಿ ಮಾಲು ಕೊಟ್ಟರೆ 'ಕಾಫಿ ಕೊಟ್ಟ ಮೇಲೆ ನೋಡೋಣ' ಅನ್ನುತ್ತಾರೆ. ಕೊಡುವುದಿಲ್ಲ ಅಂತ ಅಲ್ಲ, ಕೊಡುತ್ತಾರೆ, ಮರ್ಯಾದಸ್ಥರು. ಆದರೆ ನಿಮ್ಮ ಮೈಸೂರಿನವನು ಅಲ್ಲಿಯವರೆಗೆ ಕಾಯುತ್ತಾನಾ? ಹೋಂಸ್ಟೇಯವರದು ಇನ್ನೊಂದು ಲೆಕ್ಕ. ದಸರಾದಿಂದ ಮೇವರೆಗೆ ಪರವಾಗಿಲ್ಲ, ಜೋರು ಮಳೆ ಹಿಡಿದರೆ ರೂಮು ಖಾಲಿ, ಫೋನೂ ಎತ್ತುವುದಿಲ್ಲ.

ಆದ್ದರಿಂದ ಮಳೆಗಾಲದಲ್ಲಿ ಕ್ಯಾಶ್‌ಗೆ ಹೋಗುವ ಸಾಮಾನು ಜಾಸ್ತಿ ಇಟ್ಟುಕೊಳ್ಳಿ, ಉದ್ದರಿಗೆ ಹೋಗುವುದು ಕಡಿಮೆ. ಪ್ರತಿ ಗಿರಾಕಿಗೂ ಒಂದು ಮಿತಿ ಬರೆದಿಡಿ. ಹಳೆ ಬಿಲ್ ತೀರಿಸದೆ ಎರಡನೇ ಬಿಲ್ ಆಗಬಹುದು, ಮೂರನೆಯದು ಆಗಬಾರದು.

ಕುಶಾಲನಗರ ಹೊಸಬ

ಥ್ಯಾಂಕ್ಸ್ ಇಬ್ಬರಿಗೂ. ಜಿಎಸ್‌ಟಿ ಕಾಂಪೊಸಿಷನ್ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಸ್ಕೀಮ್) ತಗೊಂಡರೆ ಸುಲಭ ಅಂತ ಮಾವ ಹೇಳುತ್ತಿದ್ದಾರೆ. ಸರಿನಾ?

ವಿರಾಜಪೇಟೆ ಅಂಗಡಿ

ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ರಿಜಿಸ್ಟ್ರೇಷನ್ನೇ ಕಡ್ಡಾಯ ಅಲ್ಲ. ಆಮೇಲೆ ಒಂದೂವರೆ ಕೋಟಿವರೆಗೆ ಕಾಂಪೊಸಿಷನ್‌ನಲ್ಲಿ 1% ಕಟ್ಟಿದರೆ ಆಯಿತು, ಲೆಕ್ಕ ಸುಲಭ. ಆದರೆ ಎರಡು ಪೇಚು ಇದೆ. ಒಂದು, ನಿಮ್ಮ ಬಿಲ್ಲಿನಲ್ಲಿ ಟ್ಯಾಕ್ಸ್ ತೋರಿಸುವ ಹಾಗಿಲ್ಲ, ಹಾಗಾಗಿ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಟ್ಯಾಕ್ಸನ್ನು ತಾವು ಕಟ್ಟಬೇಕಾದ ಟ್ಯಾಕ್ಸ್‌ನಲ್ಲಿ ಕಳೆಯುವುದು) ತೆಗೆದುಕೊಳ್ಳುವ ದೊಡ್ಡ ರೆಸಾರ್ಟ್‌ನವರು ನಿಮ್ಮಿಂದ ಕೊಳ್ಳಲು ಮನಸ್ಸು ಮಾಡುವುದಿಲ್ಲ. ಇನ್ನೊಂದು, ಹೊರ ರಾಜ್ಯಕ್ಕೆ ಮಾರುವ ಹಾಗಿಲ್ಲ. ಕುಟ್ಟ ದಾಟಿದರೆ ವಯನಾಡು, ಮಾಕುಟ್ಟ ಇಳಿದರೆ ಇರಿಟ್ಟಿ. ಅಲ್ಲಿಯ ಆರ್ಡರ್ ಬಂದರೂ ಕೈಬಿಡಬೇಕಾಗುತ್ತದೆ. ಚಿಲ್ಲರೆ ಅಂಗಡಿಗಳಿಗೇ ಮಾರುವುದಾದರೆ ಕಾಂಪೊಸಿಷನ್ ಸಾಕು. ರೆಸಾರ್ಟ್ ಹಿಡಿಯುವ ಆಸೆ ಇದ್ದರೆ ರೆಗ್ಯುಲರ್ ತಗೊಳ್ಳಿ.

ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಮೈಸೋಪಿನ ಬಾರ್‌ಗೆ ಟ್ಯಾಕ್ಸ್ 18ರಿಂದ 5ಕ್ಕೆ ಇಳಿದಿದೆ. ಫಿನಾಯಿಲ್, ಡಿಟರ್ಜೆಂಟ್ ಇಳಿದಿಲ್ಲ, 18ರಲ್ಲೇ ಇವೆ. 'ಎಲ್ಲ ಇಳಿದಿದೆಯಂತಲ್ಲ, ನೀನೇನು ಹಳೇ ರೇಟು ಹಾಕ್ತೀಯ' ಅಂತ ಜಗಳಕ್ಕೆ ಬರುತ್ತಾರೆ. ತಯಾರಾಗಿರಿ.

ಕೆಮಿಸ್ಟ್ರಿ ಮೇಷ್ಟ್ರು

ಉದ್ದರಿ ಮೊದಲು, ಕೆಮಿಸ್ಟ್ರಿ ಆಮೇಲೆ ಅಂದದ್ದನ್ನು ನಾನು ಒಪ್ಪುವುದಿಲ್ಲ. ಬಾಕಿ ಇವತ್ತಲ್ಲ ನಾಳೆ ಬಂದೀತು. ಮುಚ್ಚಿದ ಬಾತ್‌ರೂಮಿನಲ್ಲಿ ಟಾಯ್ಲೆಟ್ ಕ್ಲೀನರ್ ಮೇಲೆ ಬ್ಲೀಚ್ ಸುರಿದು ಕೆಲಸದಾಕೆ ಬಿದ್ದರೆ?

ಟಾಯ್ಲೆಟ್ ಕ್ಲೀನರ್‌ನಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್, ಸಾಮಾನ್ಯವಾಗಿ 10% ಸುಮಾರು. ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಎರಡು ಸೇರಿದರೆ ಕ್ಲೋರಿನ್ ಅನಿಲ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ವಿಷ. 'ಎರಡೂ ಹಾಕಿದರೆ ಜಾಸ್ತಿ ಬಿಳಿ ಆಗುತ್ತದೆ' ಅಂತ ನಂಬುವ ಜನ ಬೇಕಾದಷ್ಟು ಇದ್ದಾರೆ. ನೀವು ಇವೆರಡನ್ನೂ ಒಂದೇ ಗಿರಾಕಿಗೆ ಮಾರುತ್ತೀರಿ. ಹಾಗಾಗಿ ಪ್ರತಿ ಸಲ ಬಾಯಿಬಿಟ್ಟು ಹೇಳಿ, ಸಾಧ್ಯ ಆದರೆ ಕನ್ನಡದಲ್ಲಿ ಒಂದು ಸ್ಟಿಕರ್ ಮಾಡಿಸಿ ಕ್ಯಾನ್ ಮೇಲೆ ಅಂಟಿಸಿ. ತಮಿಳು, ಮಲಯಾಳಂ, ಹಿಂದಿ, ಅಸ್ಸಾಮಿ ಮಾತಾಡುವ ಕೆಲಸಗಾರರೂ ಇದ್ದಾರೆ, ಚಿತ್ರ ಹಾಕಿದರೆ ಇನ್ನೂ ಒಳ್ಳೆಯದು.

ಇನ್ನು ಆಸಿಡ್, ಕ್ಷಾರ. ನೀರಿನ ಬಿಳಿ ಕಲೆ, ಕಮೋಡಿನ ಹಳದಿ ಕಲೆ, ಇವಕ್ಕೆ ಆಸಿಡ್. ಜಿಡ್ಡು, ಎಣ್ಣೆ, ಕೊಬ್ಬು, ಇವಕ್ಕೆ ಕ್ಷಾರ. ದಿನಾ ಒರೆಸುವ ನೆಲಕ್ಕೆ ಇವೆರಡರ ಮಧ್ಯದ್ದು, ಪಿಹೆಚ್ 7ರ ಆಸುಪಾಸು. ಗಿರಾಕಿ ಬಂದು 'ಕಲೆ ಹೋಗಲ್ಲ' ಅಂದರೆ ಯಾವ ಕಲೆ, ಯಾವ ನೆಲ ಅಂತ ಕೇಳಬೇಕು. ಹಳೇ ಕೊಡಗಿನ ಮನೆಗಳಲ್ಲಿ ಕೆಂಪು ಕಾವಿ ನೆಲ ಇರುತ್ತದೆ. ಅದು ಸಿಮೆಂಟು. ಆಸಿಡ್ ಬಿದ್ದರೆ ಹೊಳಪು ಹೋಗುತ್ತದೆ, ಆಮೇಲೆ ಎಷ್ಟು ಮೇಣ ತಿಕ್ಕಿದರೂ ಮೊದಲಿನಂತೆ ಬರುವುದಿಲ್ಲ. ಮಾರ್ಬಲ್, ಮೊಸಾಯಿಕ್ ಕೂಡ ಹಾಗೇ, ಅವುಗಳಲ್ಲಿರುವ ಸುಣ್ಣದ ಅಂಶವನ್ನು ಆಸಿಡ್ ತಿನ್ನುತ್ತದೆ.

ಬೋರ್‌ವೆಲ್ ನೀರಿನಿಂದ ವಾಶ್‌ಬೇಸಿನ್‌ನಲ್ಲಿ ಕಿತ್ತಳೆ ಬಣ್ಣದ ಗೆರೆ ಬೀಳುತ್ತದಲ್ಲ, ಅದು ಕಬ್ಬಿಣ. ಎಲ್ಲರೂ ಅದಕ್ಕೆ ಬ್ಲೀಚ್ ಹಾಕುತ್ತಾರೆ. ಬ್ಲೀಚ್ ಕಬ್ಬಿಣವನ್ನು ಇನ್ನೂ ತುಕ್ಕು ಹಿಡಿಸುತ್ತದೆ, ಕಲೆ ಗಟ್ಟಿಯಾಗುತ್ತದೆ. ಅದಕ್ಕೆ ಬೇಕಾದ್ದು ಆಕ್ಸಾಲಿಕ್ ಆಸಿಡ್ ಇರುವ ಕ್ಲೀನರ್. ಗ್ಲೌಸ್ ಹಾಕಿಕೊಂಡು ಹಚ್ಚಿ, ಸ್ವಲ್ಪ ಬಿಟ್ಟು, ಚೆನ್ನಾಗಿ ತೊಳೆಯಬೇಕು. ಕಿತ್ತಳೆ ಕಲೆ ಇರುವ ಮನೆಯಲ್ಲಿ ಇದನ್ನು ತೋರಿಸಿಕೊಟ್ಟರೆ ನೀವು ಬೇರೆ ಸೇಲ್ಸ್ ಟಾಕ್ ಹೊಡೆಯಬೇಕಾಗಿಲ್ಲ.

ಏನು ಓದಬೇಕು ಅಂತ ಕೇಳಿದಿರಿ. ಕಂಪನಿಯಿಂದ ಪ್ರತಿ ಮಾಲಿಗೂ ಸೇಫ್ಟಿ ಡೇಟಾ ಶೀಟ್ ಕೇಳಿ ಪಡೆಯಿರಿ. 16 ಭಾಗ ಇರುತ್ತದೆ. 4ರಲ್ಲಿ ಪ್ರಥಮ ಚಿಕಿತ್ಸೆ, 7ರಲ್ಲಿ ಇಡುವ ರೀತಿ, 8ರಲ್ಲಿ ಗ್ಲೌಸ್, ಕನ್ನಡಕದ ವಿಷಯ, 10ರಲ್ಲಿ ಯಾವುದರ ಜೊತೆ ಸೇರಿಸಬಾರದು ಅನ್ನುವುದು. ಈ ನಾಲ್ಕು ಓದಿದರೆ ಬ್ರೋಷರ್ ಬೇಕಿಲ್ಲ. ಶೀಟ್ ಇಲ್ಲ ಅನ್ನುವ ಕಂಪನಿಯ ಮಾಲು ಬೇಡವೇ ಬೇಡ.

ಕಕ್ಕಬ್ಬೆ ಹೋಂಸ್ಟೇ

ಮೇಷ್ಟ್ರೇ, ಆ ಕಿತ್ತಳೆ ಕಲೆ ನಮ್ಮಲ್ಲೂ ಇದೆ, ನೋಟ್ ಮಾಡಿಕೊಂಡೆ.

ಹೊಸಬರಿಗೆ ಒಂದೆರಡು ಮಾತು. ಹೋಂಸ್ಟೇಗೆ ಬರುವಾಗ ಶನಿವಾರ, ಭಾನುವಾರ ಬರಬೇಡಿ. ಬೆಳಿಗ್ಗೆ ಬರಲೇಬೇಡಿ, ಆಗ ಗೆಸ್ಟ್‌ಗೆ ಅಕ್ಕಿ ರೊಟ್ಟಿ ಸುಡುತ್ತಿರುತ್ತೇವೆ. ವಾರದ ಮಧ್ಯೆ ಮೂರು ಗಂಟೆ ಮೇಲೆ ಬಂದರೆ ಕೂತು ಕಾಫಿ ಕುಡಿದು ಮಾತಾಡಬಹುದು.

ಭಯ ಹುಟ್ಟಿಸಿ ಮಾರಬೇಡಿ. ಕೊರೊನಾ ಸಮಯದಲ್ಲಿ ಒಬ್ಬರು ಬಂದು ಹೊಗೆ ಹಾಕುವ ಮಿಷನ್ ತೋರಿಸಿ ಇದಿಲ್ಲದಿದ್ದರೆ ನಿಮ್ಮ ಬಿಸಿನೆಸ್ ಮುಗಿಯಿತು ಅಂದರು. ಎರಡು ಸಲ ಫೋನ್ ಮಾಡಿದರು. ಅವರ ನಂಬರ್ ಬ್ಲಾಕ್ ಮಾಡಿದೆ.

ನಮಗೆ ನಿಜವಾಗಿ ತಲೆನೋವು ಬೂಸು. ಜುಲೈ, ಆಗಸ್ಟ್‌ನಲ್ಲಿ ಬಟ್ಟೆ ಒಣಗಲ್ಲ, ದಿಂಬಿಗೆ ವಾಸನೆ, ಬೀರುವಿನ ಹಿಂದೆ ಗೋಡೆ ಕಪ್ಪು, ಚಪ್ಪಲಿ ಮೇಲೆ ಹಸಿರು. ಇದಕ್ಕೆ ಏನು ಹಾಕಬೇಕು? ಬ್ಲೀಚ್ ಹಾಕಿದರೆ ಬಿಳಿಯಾಗುತ್ತದೆ, ಹತ್ತು ದಿನಕ್ಕೆ ಮತ್ತೆ ಬರುತ್ತದೆ. ಮರದ ಮುಚ್ಚಿಗೆಗೂ ಅದೇ ಹಾಕಬಹುದಾ?

ಇನ್ನೊಂದು, ನಮಗೆ ಡ್ರೈನೇಜ್ ಇಲ್ಲ, ಸೆಪ್ಟಿಕ್ ಟ್ಯಾಂಕ್. ಫಿನಾಯಿಲ್, ಆಸಿಡ್ ಜಾಸ್ತಿ ಹೋದರೆ ಟ್ಯಾಂಕ್ ಕೆಡುತ್ತದೆ ಅನ್ನುತ್ತಾರೆ. ಮಾರುವವರು ಯಾರೂ ಇದರ ಬಗ್ಗೆ ಬಾಯಿ ಬಿಡುವುದಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು

ಬೂಸಿಗೆ ಬೇಕಾದ್ದು ತೇವ. ತೇವ ನಿಲ್ಲಿಸದೆ ಏನು ಹಚ್ಚಿದರೂ ಮತ್ತೆ ಬರುತ್ತದೆ. ಟೈಲ್ಸ್, ಗಾಜಿನ ಮೇಲೆ ಬ್ಲೀಚ್ ಕೆಲಸ ಮಾಡುತ್ತದೆ. ಮರದ ಮೇಲೆ ಬೇಡ, ಮರ ನೀರು ಹೀರುತ್ತದೆ, ಒಳಗಿನ ಬೂಸು ಹಾಗೇ ಉಳಿದು ಮೇಲಿನ ಬಣ್ಣ ಮಾತ್ರ ಹೋಗುತ್ತದೆ. ಸೋಪು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಒಣ ಪೊರಕೆಯಿಂದ ಗುಡಿಸಬೇಡಿ, ಬೀಜಕಣ ಎಲ್ಲ ಕಡೆ ಹಾರುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ.

ಸೆಪ್ಟಿಕ್ ಟ್ಯಾಂಕ್ ವಿಷಯದಲ್ಲಿ ನೀವು ಕೇಳಿದ್ದು ಸರಿ. ಅದರೊಳಗೆ ಮಲ ಕರಗಿಸುವುದೇ ಬ್ಯಾಕ್ಟೀರಿಯಾ. ಅಷ್ಟಿಷ್ಟು ಹೋದರೆ ಪರವಾಗಿಲ್ಲ, ದಿನಾ ಬಾಟಲಿಗಟ್ಟಲೆ ಸುರಿದರೆ ಅವು ಸಾಯುತ್ತವೆ, ಟ್ಯಾಂಕ್ ಬೇಗ ತುಂಬುತ್ತದೆ. ದಿನಾ ಬ್ರಷ್ ಮತ್ತು ಸಾದಾ ಡಿಟರ್ಜೆಂಟ್, ವಾರಕ್ಕೊಮ್ಮೆ ಆಸಿಡ್ ಕ್ಲೀನರ್ ಸಾಕು.

ಮಡಿಕೇರಿ ಹೌಸ್‌ಕೀಪಿಂಗ್

ಹೊಸಬರೇ, ಮೇಷ್ಟ್ರು ಈಗ ಹೇಳಿದ್ದನ್ನು ಸೇಲ್ಸ್ ಕಣ್ಣಿನಿಂದ ನೋಡಿ. ಕಡಿಮೆ ಬಳಸಿ ಅಂತ ಹೇಳಿದರೆ ನಿಮ್ಮ ಮಾಲು ಕಡಿಮೆ ಹೋಗುತ್ತದೆ ಅನ್ನಿಸಬಹುದು. ಆದರೆ ಬೂಸಿರುವ ಹೋಂಸ್ಟೇಗೆ ನೀವು ಮೈಕ್ರೋಫೈಬರ್ ಬಟ್ಟೆ, ಉದ್ದ ಹಿಡಿಯ ವೈಪರ್, ಮಾಸ್ಕ್, ತೇವ ಹೀರುವ ಡಬ್ಬಿ ಮಾರಬಹುದು. ಬಾಟಲಿಗಿಂತ ಇವುಗಳಲ್ಲಿ ಮಾರ್ಜಿನ್ ಜಾಸ್ತಿ.

ರೇಟಿನ ವಿಷಯಕ್ಕೂ ಒಂದು ಲೆಕ್ಕ ಕೊಡುತ್ತೇನೆ. 5 ಲೀಟರ್ ಕ್ಯಾನ್ 250 ರೂಪಾಯಿಗೆ ಒಂದು, 600ಕ್ಕೆ ಇನ್ನೊಂದು ಇದೆ ಅಂತ ಇಟ್ಟುಕೊಳ್ಳಿ. ಎಲ್ಲರೂ 250ರದ್ದನ್ನೇ ಎತ್ತುತ್ತಾರೆ. ಆದರೆ ಅದನ್ನು ಲೀಟರಿಗೆ 50 ಮಿಲಿ ಹಾಕಬೇಕು. 600ರದ್ದು ಲೀಟರಿಗೆ 10 ಮಿಲಿ ಸಾಕು. 10 ಲೀಟರಿನ ಒಂದು ಬಕೆಟ್‌ಗೆ ಮೊದಲನೆಯದು 25 ರೂಪಾಯಿ ಬಿತ್ತು, ಎರಡನೆಯದು 12. ಕ್ಯಾನಿನ ರೇಟು ಹೇಳಬೇಡಿ, ಬಕೆಟ್ಟಿನ ರೇಟು ಹೇಳಿ. ಜೊತೆಗೆ ಒಂದು ಅಳತೆ ಮುಚ್ಚಳವೋ ಪಂಪೋ ಕೊಡಿ. ಇಲ್ಲದಿದ್ದರೆ ಕೆಲಸದವರು ಕೈ ಅಂದಾಜಿಗೆ ಸುರಿಯುತ್ತಾರೆ, ನಿಮ್ಮ ಲೆಕ್ಕ ಸುಳ್ಳಾಗುತ್ತದೆ, ಬೈಗುಳ ನಿಮಗೇ.

ಮಾಪ್ ಬಟ್ಟೆಗಳಿಗೆ ಬಣ್ಣ ಬೇರೆ ಬೇರೆ ಮಾಡಿಸಿ. ಕೆಂಪು ಟಾಯ್ಲೆಟ್‌ಗೆ, ಹಸಿರು ಅಡುಗೆಮನೆಗೆ, ನೀಲಿ ರೂಮಿಗೆ, ಇದು ಹೌಸ್‌ಕೀಪಿಂಗ್‌ನಲ್ಲಿ ಎಲ್ಲೆಡೆ ನಡೆದುಬಂದ ಪದ್ಧತಿ. ಟಾಯ್ಲೆಟ್ ಒರೆಸಿದ ಬಟ್ಟೆ ಊಟದ ಟೇಬಲ್‌ಗೆ ಬಾರದಿದ್ದರೆ ಅರ್ಧ ಹೈಜೀನ್ ಆಯಿತು. ಸಣ್ಣ ಹೋಂಸ್ಟೇಗಳಲ್ಲಿ ಇದನ್ನು ಮಾಡಿರುವುದಿಲ್ಲ, ನೀವು ಹೋಗಿ ಹೇಳಿದರೆ ಒಂದೇ ಸಲಕ್ಕೆ ಮೂರು ಸೆಟ್ ಹೋಗುತ್ತದೆ.

ಗೋಣಿಕೊಪ್ಪ ಅಡುಗೆ ಕಾಂಟ್ರಾಕ್ಟ್

ಮದುವೆ ಅಡುಗೆಯವರನ್ನು ಯಾರೂ ನೆನಪಿಸಿಕೊಳ್ಳಲಿಲ್ಲ, ಇರಲಿ.

ನಮ್ಮಲ್ಲಿ ಮದುವೆ ಅಂದರೆ ಪಂದಿ ಕರಿ, ಹಂದಿ ಮಾಂಸದ ಸಾರು. ಚಳಿಗಾಲದಲ್ಲಿ ರಾತ್ರಿ ಊಟ ಮುಗಿಯುವಷ್ಟರಲ್ಲಿ ಪಾತ್ರೆಯ ಕೊಬ್ಬು ಬೆಣ್ಣೆಯಂತೆ ಗಟ್ಟಿಯಾಗಿರುತ್ತದೆ. ಸಾದಾ ಡಿಶ್‌ವಾಶ್‌ನಿಂದ ಅದು ಹಂದಾಡುವುದಿಲ್ಲ. ಮೊದಲು ಕೊಬ್ಬು ಕೆರೆದು ಬೇರೆ ಡಬ್ಬಿಗೆ ಹಾಕಬೇಕು, ಆಮೇಲೆ ಕುದಿಯುವ ನೀರು, ಆಮೇಲೆ ಸೋಪು. ಕೆರೆಯದೆ ಬಿಸಿ ನೀರು ಸುರಿದರೆ ಕೊಬ್ಬು ಕರಗಿ ಪೈಪಿಗೆ ಹೋಗಿ ಅಲ್ಲಿ ತಣ್ಣಗಾಗಿ ಕೂರುತ್ತದೆ. ಮರುದಿನ ಮಂಟಪದವರ ಫೋನ್.

ಆಗ ಎಲ್ಲರೂ ಕಾಸ್ಟಿಕ್ ಸೋಡಾ ತರುತ್ತಾರೆ. ಪೈಪಿಗೆ ಸರಿ. ಆದರೆ ನಮ್ಮ ದೊಡ್ಡ ಡಬರಿಗಳು ಅಲ್ಯೂಮಿನಿಯಂ. ಅದಕ್ಕೆ ಕಾಸ್ಟಿಕ್ ತಗುಲಿದರೆ ಪಾತ್ರೆ ಕಪ್ಪಾಗುತ್ತದೆ, ಲೋಹ ಸವೆಯುತ್ತದೆ, ಮೇಲಾಗಿ ಬುಸುಬುಸು ಅಂತ ಗ್ಯಾಸ್ ಏಳುತ್ತದೆ. ಅದು ಹೈಡ್ರೋಜನ್, ಒಲೆ ಹತ್ತಿರ ಇರಬಾರದು. ಸ್ಟೀಲಿನ ಪಾತ್ರೆಯನ್ನು ಬ್ಲೀಚ್‌ನಲ್ಲಿ ನೆನೆಹಾಕುವುದೂ ತಪ್ಪು, ಸಣ್ಣ ಸಣ್ಣ ತೂತು ಬೀಳುತ್ತದೆ. ಡಿಗ್ರೀಸರ್ (ಜಿಡ್ಡು ತೆಗೆಯುವ ಕೆಮಿಕಲ್) ಮಾರುವವರು ಅಲ್ಯೂಮಿನಿಯಂಗೆ ಆಗುತ್ತದಾ ಇಲ್ಲವಾ ಅಂತ ಕೇಳದೆಯೇ ಹೇಳಬೇಕು.

ಹಿತ್ತಾಳೆ, ತಾಮ್ರಕ್ಕೆ ಹುಳಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಚಂಪುಳಿ (ಕರಿಗೆ ಹಾಕುವ ಕೊಡಗಿನ ಕಪ್ಪು ಹುಳಿ) ಅನ್ನಬೇಡಿ, ಈಗಿನ ರೇಟಿಗೆ ಅದನ್ನು ಕರಿಗೇ ಲೆಕ್ಕ ಹಾಕಿ ಬಿಡುತ್ತೇವೆ.

ಮತ್ತೆ, ಅಡುಗೆ ಮನೆಯಲ್ಲಿ ಕೆಮಿಕಲ್ ಬೇರೆ ಕಪಾಟಿನಲ್ಲಿ ಇರಬೇಕು ಅನ್ನುವುದು ಎಫ್‌ಎಸ್‌ಎಸ್‌ಎಐ ನಿಯಮದಲ್ಲೇ ಇದೆ, 2011ರ ಲೈಸೆನ್ಸ್ ನಿಯಮಗಳ ಶೆಡ್ಯೂಲ್ 4ರಲ್ಲಿ. ಹೋಟೆಲಿಗೆ ಮಾರುವವರು ಅದನ್ನೊಮ್ಮೆ ಓದಿಕೊಳ್ಳಿ. ಗಿರಾಕಿ ಇನ್‌ಸ್ಪೆಕ್ಷನ್‌ಗೆ ಹೆದರುತ್ತಾನೆ, ಆ ಹೊತ್ತಿಗೆ ನೀವು ಉಪಯೋಗಕ್ಕೆ ಬರುತ್ತೀರಿ.

ಕುಶಾಲನಗರ ಹೊಸಬ

ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಮತ್ತೊಂದು ಪ್ರಶ್ನೆ. 50 ಲೀಟರ್ ಡ್ರಮ್‌ನಲ್ಲಿ ಫಿನಾಯಿಲ್, ಆಸಿಡ್ ಲೂಸ್ ಸಿಗುತ್ತದೆ. ಖಾಲಿ ನೀರಿನ ಬಾಟಲಿಗೆ ತುಂಬಿ ಮಾರುವವರು ಊರೆಲ್ಲ ಇದ್ದಾರೆ. ಮಾರ್ಜಿನ್ ಡಬಲ್ ಅಂತೆ. ಮಾಡಬಹುದಾ?

ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್

ಮಾಡಬಾರದು.

ನೀರಿನ ಬಾಟಲಿ, ಜ್ಯೂಸ್ ಬಾಟಲಿಯಲ್ಲಿ ತುಂಬಿದ್ದನ್ನು ಮಕ್ಕಳು ಕುಡಿಯುತ್ತಾರೆ, ಕುಡಿದ ಗಂಡಸರೂ ಕುಡಿಯುತ್ತಾರೆ. ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿ. ಆಸಿಡ್ ಇಳಿಯುವಾಗ ಸುಟ್ಟಿದ್ದು ಸಾಲದು ಅಂತ ಏರುವಾಗ ಇನ್ನೊಮ್ಮೆ ಸುಡುತ್ತದೆ, ಫಿನಾಯಿಲ್ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಕಾನೂನಿನ ವಿಷಯ. ಪ್ಯಾಕ್ ಮಾಡಿ ಮಾರಿದರೆ ನೀವು ಪ್ಯಾಕರ್ ಆಗುತ್ತೀರಿ. ಲೀಗಲ್ ಮೆಟ್ರಾಲಜಿಯ (ತೂಕ, ಅಳತೆ ಇಲಾಖೆ) 2011ರ ನಿಯಮದಂತೆ ರಿಜಿಸ್ಟ್ರೇಷನ್ ಬೇಕು, ಲೇಬಲ್‌ನಲ್ಲಿ ಹೆಸರು, ವಿಳಾಸ, ಅಳತೆ, ತಿಂಗಳು ಮತ್ತು ವರ್ಷ, ಎಲ್ಲ ಟ್ಯಾಕ್ಸ್ ಸೇರಿ ಎಂಆರ್‌ಪಿ, ದೂರಿಗೆ ನಂಬರ್, ಎಲ್ಲ ಇರಬೇಕು. ಬರೀ ಆಸಿಡ್ ಮಾರುವುದಕ್ಕಂತೂ 2013ರಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟು ಮಾಡಿದೆ. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಯಾಕೆ ಅಂತ ಕೇಳಿ ರಿಜಿಸ್ಟರ್‌ನಲ್ಲಿ ಬರೆಯಬೇಕು, 18 ವರ್ಷಕ್ಕಿಂತ ಕೆಳಗಿನವರಿಗೆ ಕೊಡಬಾರದು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಹೊಸ ವ್ಯಾಪಾರಕ್ಕೆ ಈ ರಗಳೆ ಯಾಕೆ? ಟಾಯ್ಲೆಟ್ ಕ್ಲೀನರ್ ಮಾರಿ, ಸಾಕು.

ಫಿನಾಯಿಲ್ ಕೊಳ್ಳುವಾಗ ಒಂದು ನೋಡಿ. ಕ್ಯಾನ್ ಮೇಲೆ ಐಎಸ್ 1061 (ಫಿನಾಯಿಲ್‌ಗೆ ಇರುವ ಭಾರತೀಯ ಗುಣಮಟ್ಟದ ನಂಬರ್) ಮತ್ತು ಆರ್‌ಡಬ್ಲ್ಯುಸಿ ಅಂತ ಒಂದು ಸಂಖ್ಯೆ ಇರಬೇಕು. ಅದು ಕೀಟಾಣು ಕೊಲ್ಲುವ ಶಕ್ತಿಯ ಅಳತೆ. ಗ್ರೇಡ್ 3ಕ್ಕೆ 5, ಗ್ರೇಡ್ 1ಕ್ಕೆ 18. ಸಂಖ್ಯೆಯೇ ಇಲ್ಲದ ಮಲ್ಲಿಗೆ ಫಿನಾಯಿಲ್ ನೆಲ ಒರೆಸುವ ವಾಸನೆ ನೀರು, ಹಾಗೆ ಹೇಳಿಯೇ ಮಾರಿ. ವಿರಾಜಪೇಟೆಯವರು ಕೋಪ ಮಾಡಿಕೊಳ್ಳಬಾರದು. ಬೆಕ್ಕು ಇರುವ ಮನೆಗೆ ಕಪ್ಪು ಫಿನಾಯಿಲ್ ಬೇಡ, ಅದರ ಫೀನಾಲ್ ಬೆಕ್ಕಿಗೆ ವಿಷ.

ಬ್ಲೀಚಿಂಗ್ ಪೌಡರ್ ಮಾರುತ್ತೀರಿ ಅಂದುಕೊಳ್ಳುತ್ತೇನೆ. ಮಳೆಗಾಲದಲ್ಲಿ ಬಾವಿಗೆ ಅಂತ ಕೇಳಿಕೊಂಡು ಬರುತ್ತಾರೆ. 1000 ಲೀಟರ್ ನೀರಿಗೆ ಎರಡೂವರೆ ಗ್ರಾಂ ಒಳ್ಳೆ ಪೌಡರ್, ಬಕೆಟ್‌ನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಬೇಕು. ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಹಾಕಿದರೆ ಸಲೀಸು. ಜನ ಒಂದು ಹಿಡಿ ಎಸೆದು ಕೈ ತೊಳೆದುಕೊಳ್ಳುತ್ತಾರೆ.

ವಿರಾಜಪೇಟೆ ಅಂಗಡಿ

ಕೋಪ ಇಲ್ಲ ಸಾರ್. ಆದರೆ ವಾಸನೆ ನೀರು ಅಂತ ಬೋರ್ಡ್ ಹಾಕಿ ಮಾರಿದರೆ ಪಕ್ಕದ ಅಂಗಡಿಯವನು ಬದುಕುತ್ತಾನೆ, ನಾನಲ್ಲ.

ಸಿದ್ದಾಪುರ ಎಸ್ಟೇಟ್ ರೈಟರ್

ಎಸ್ಟೇಟ್ ಕಡೆಯಿಂದ. ನಾವು ವರ್ಷಕ್ಕೊಮ್ಮೆ, ಕುಯ್ಲು ಶುರುವಾಗುವ ಮೊದಲು ಖರೀದಿ ಮಾಡುತ್ತೇವೆ, ಆಗ ಲೈನ್ ಮನೆಗೆ (ತೋಟದ ಕೆಲಸಗಾರರ ಸಾಲು ಮನೆ) ಹೊರಗಿನ ಕೆಲಸಗಾರರು ಬಂದು ತುಂಬುತ್ತಾರೆ. ಅಕ್ಟೋಬರ್‌ನಲ್ಲಿ ಬಂದು ಕೊಟೇಶನ್ ಕೊಡಿ, ಜನವರಿಯಲ್ಲಿ ಬಂದು ಪ್ರಯೋಜನ ಇಲ್ಲ. ಕೈ ತೊಳೆಯುವ ಸೋಪು, ಬ್ಲೀಚಿಂಗ್ ಪೌಡರ್, ಕಪ್ಪು ಫಿನಾಯಿಲ್. ಫಿನಾಯಿಲ್ ಮುಕ್ಕಾಲು ಪಾಲು ಹಾವು ಬರಬಾರದು ಅಂತ ಮನೆ ಸುತ್ತ ಹಾಕುವುದಕ್ಕೆ ಹೋಗುತ್ತದೆ, ಹೇಳಿದರೆ ಯಾರೂ ಕೇಳಲ್ಲ.

ಒಂದು ಮುಖ್ಯ ವಿಷಯ. ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್‌ನಲ್ಲೇ ಬ್ಲೀಚ್ ತುಂಬಿ ಲೈನ್ ಮನೆಗೆ ಹೊಡೆಯುತ್ತಾರೆ. ಕ್ಯಾನಿನಲ್ಲಿ ಔಷಧಿ ಉಳಿದಿರುತ್ತದೆ, ಮಕ್ಕಳು ಓಡಾಡುವ ಜಾಗ ಅದು. ಬೇರೆ ಬಣ್ಣದ ಸ್ಪ್ರೇಯರ್ ಇಟ್ಟು ಮಾರಿ. ನಿಜ ಹೇಳಬೇಕೆಂದರೆ ಸ್ಪ್ರೇ ಮಾಡುವುದಕ್ಕಿಂತ ಬಟ್ಟೆಯಲ್ಲಿ ಒರೆಸುವುದೇ ವಾಸಿ.

ಕುಶಾಲನಗರ ಹೊಸಬ

ಒಂದು ಸೂಕ್ಷ್ಮ ವಿಷಯ ಕೇಳಬೇಕು. ಒಂದು ದೊಡ್ಡ ಜಾಗದಲ್ಲಿ ಖರೀದಿ ನೋಡುವವರು ಬಿಲ್ಲಿನ ಮೇಲೆ ತಮಗೆ ಇಷ್ಟು ಪರ್ಸೆಂಟ್ ಅಂತ ಕೇಳಿದರು. ಎಲ್ಲ ಕಡೆ ಹೀಗೇನಾ?

ಮಡಿಕೇರಿ ಹೌಸ್‌ಕೀಪಿಂಗ್

ಎಲ್ಲ ಕಡೆ ಅಲ್ಲ. ಕೊಡಬೇಡಿ. ಕೊಟ್ಟರೆ ಆ ದುಡ್ಡು ಮಾಲಿನಲ್ಲಿ ನೀರಾಗಿ ಸೇರುತ್ತದೆ, ನೆಲ ಒರೆಸುವ ಹೆಂಗಸು ಜಾಸ್ತಿ ಉಜ್ಜಬೇಕಾಗುತ್ತದೆ.

ವಿರಾಜಪೇಟೆ ಅಂಗಡಿ

ಹೇಳುವುದು ಸುಲಭ. ದೊಡ್ಡ ಆರ್ಡರ್ ಬೇಕು ಅಂದರೆ ಕೆಲವು ಕಡೆ ಬೇರೆ ದಾರಿಯೇ ಇಲ್ಲ. ನಾನು ಅಂಥಲ್ಲಿಗೆ ಹೋಗುವುದನ್ನೇ ಬಿಟ್ಟೆ, ಬೇರೆಯವರು ಹೋಗುತ್ತಾರೆ, ಅವರ ವ್ಯಾನ್ ನನ್ನದಕ್ಕಿಂತ ದೊಡ್ಡದು.

ಅದಿರಲಿ, ಗೋಡೌನ್ ಬಗ್ಗೆ ಯಾರೂ ಹೇಳಲಿಲ್ಲ. ಟಿಶ್ಯೂ, ಪೇಪರ್ ರೋಲ್ ನೆಲದ ಮೇಲೆ ಇಡಬೇಡಿ, ಮಳೆಗಾಲದ ತಂಡಿಗೆ ಮೆತ್ತಗಾಗುತ್ತವೆ. ಮರದ ಹಲಗೆ ಹಾಕಿ, ಗೋಡೆಗೆ ತಾಗಿಸಬೇಡಿ. ಬ್ಲೀಚಿಂಗ್ ಪೌಡರ್ ತೇವ ಹೀರಿದರೆ ಕ್ಲೋರಿನ್ ಹೋಗುತ್ತದೆ, ಕೊನೆಗೆ ಸುಣ್ಣ ಮಾರಿದ ಹಾಗಾಗುತ್ತದೆ. ಅದರ ಪಕ್ಕ ಕಬ್ಬಿಣದ ಸಾಮಾನೂ ಬೇಡ, ಟಾಯ್ಲೆಟ್ ಕ್ಲೀನರ್ ಅಂತೂ ಬೇಡವೇ ಬೇಡ, ಎರಡೂ ಬೇರೆ ಬೇರೆ ಮೂಲೆಗೆ. ಜುಲೈನಲ್ಲಿ ಘಾಟಿ ರಸ್ತೆ ಬಂದ್ ಆದರೆ ಸಂಪಾಜೆ ಕಡೆಯಿಂದ ಮಾಲು ಬರುವುದಿಲ್ಲ. ನೀವು ಕುಶಾಲನಗರದಲ್ಲಿದ್ದೀರಿ, ಮೈಸೂರು ರಸ್ತೆ ನಿಮ್ಮ ಬಾಗಿಲಲ್ಲಿದೆ. ಆಗ ನಾವೇ ನಿಮ್ಮ ಹತ್ತಿರ ಕೇಳಿಕೊಂಡು ಬರಬಹುದು.

ಕುಶಾಲನಗರ ಹೊಸಬ

ಬನ್ನಿ ಅಣ್ಣ, ಆದರೆ ಮೂರನೇ ಬಿಲ್ ಉದ್ದರಿ ಇಲ್ಲ, ನೀವೇ ಹೇಳಿಕೊಟ್ಟಿದ್ದು 😄

ಎಲ್ಲ ಮಾಲಿಗೂ ಸೇಫ್ಟಿ ಶೀಟ್ ಕೇಳಿ ಕಂಪನಿಗೆ ಮೆಸೇಜ್ ಹಾಕಿದ್ದೇನೆ. ಎರಡು ಐಟಂಗೆ 'ಅದೆಲ್ಲ ಯಾಕೆ ಸಾರ್' ಅಂತ ಉತ್ತರ ಬಂದಿದೆ. ಆ ಎರಡನ್ನು ಲಿಸ್ಟಿನಿಂದ ತೆಗೆದೆವು. ಮಾವ ಸ್ವಲ್ಪ ಮುಖ ಊದಿಸಿಕೊಂಡಿದ್ದಾರೆ.

ಕಕ್ಕಬ್ಬೆ ಹೋಂಸ್ಟೇ

ಆ ಆಕ್ಸಾಲಿಕ್ ಕ್ಲೀನರ್ ಸಿಕ್ಕಿದರೆ ಒಂದು ಲೀಟರ್ ತನ್ನಿ, ಐದು ಲೀಟರ್ ತಂದು ತಲೆಗೆ ಕಟ್ಟಬೇಡಿ. ಮಾಪ್ ಬಟ್ಟೆ ಮೂರು ಬಣ್ಣದ್ದು ಒಂದೊಂದು ಸೆಟ್. ಬುಧವಾರ ಆದರೆ ಒಳ್ಳೆಯದು, ಗುರುವಾರದಿಂದ ಗೆಸ್ಟ್ ಇದ್ದಾರೆ. ದುಡ್ಡು ಅಲ್ಲೇ ಕೊಡುತ್ತೇನೆ.